ಹಡಿಲು ಗದ್ದೆಗೆ ಕೋವಿಯ ಕಾವಲೇ?

ಏಣೆಲು ಗದ್ದೆಯಲ್ಲಿ ತೆನೆ ಹಾಲುಗಟ್ಟುವ ಕಾಲಕ್ಕೆ ಊರಿನಿಂದ ಮುಂಬಯಿಗೆ ಬರುವ ವರ್ತಮಾನಗಳಲ್ಲಿ ಕಾಡುಹಂದಿಯ ಮಾತಿಲ್ಲದಿರುವುದು ಇತ್ತೀಚಿನ ವರ್ಷಗಳಲ್ಲಿ ಅಪರೂಪವಾಗಿದೆ. ರಾತ್ರಿ ಬೆಳಗಾಗುವುದರೊಳಗೆ ಅರ್ಧ ಗದ್ದೆ ನೆಲಸಮವಾಯಿತು, ಮಂಗಗಳು ಎಳೆಯ ತೆಂಗಿನಕಾಯಿಗಳನ್ನು ಕೆಡಹಿದವು, ಮುಳ್ಳುಹಂದಿ ತೋಟದ ಬುಡ ಕೊರೆಯಿತು ಎಂಬ ದೂರುಗಳನ್ನು ಕಾರ್ಕಳ, ಬೆಳ್ತಂಗಡಿ, ಸುಳ್ಯ, ಕುಂದಾಪುರಗಳ ಕಡೆಯ ನಮ್ಮ ಬಂಧುಗಳು ನಿತ್ಯ ಕೇಳುತ್ತಿದ್ದಾರೆ. ಸಯನ್, ಮಾಟುಂಗ, ವಡಾಲಗಳ ಹೋಟೆಲುಗಳಲ್ಲಿ ರಾತ್ರಿ ಬಾಗಿಲೆಳೆದ ಮೇಲೆ ಊಟಕ್ಕೆ ಕುಳಿತವರ ನಡುವೆ ಇದೇ ಚರ್ಚೆ. ಚರ್ಚೆ ಎಲ್ಲಿಂದ ಹೊರಟರೂ ಕೊನೆಗೆ ತಲಪುವುದು ಒಂದೇ ತೀರ್ಮಾನಕ್ಕೆ: “ಕೋವಿ ಬೇಕು, ಕೋವಿಯಿಲ್ಲದೆ ಇನ್ನು ಬೇಸಾಯವಿಲ್ಲ.”

ಈ ತೀರ್ಮಾನಕ್ಕೆ ಈಗ ಹೊಸದೊಂದು ಬೆಂಬಲ ದೊರೆತಿದೆ. ಅಮೇರಿಕದ ರೈತರು ತಮ್ಮ ಹೊಲದಂಚಿನಲ್ಲಿ ಕುಳಿತು, ಪಾಯಿಂಟ್ 22ರಂತಹ ಸಣ್ಣ ನಳಿಗೆಯ ರೈಫಲಿಗೆ ದುರ್ಬೀನು ಜೋಡಿಸಿ, ಬೆಳೆ ಹಾಳುಮಾಡುವ ಪ್ರಾಣಿಗಳನ್ನು ಒಂದೊಂದಾಗಿ ಉರುಳಿಸುವ ಚಿತ್ರಗಳು ಮೊಬೈಲ್ ಪರದೆಯ ಮೇಲೆ ಧಾರಾಳವಾಗಿ ಓಡಾಡುತ್ತಿವೆ. ಇವನ್ನು ನೋಡಿದ ನಮ್ಮ ತರುಣರು, ಅಲ್ಲಿ ಸಲ್ಲುವುದು ನಮ್ಮ ಅಪ್ಪನ ಗದ್ದೆಗೆ ಏಕೆ ಸಲ್ಲದು ಎಂದು ಕೇಳುತ್ತಾರೆ. ಪ್ರಶ್ನೆ ಅಯೋಗ್ಯವಾದುದಲ್ಲ. ಆದುದರಿಂದ ಅದಕ್ಕೆ ಸಮಾಧಾನದಿಂದ ಉತ್ತರ ಹುಡುಕುವುದು ಯುಕ್ತವೆಂದು ಭಾವಿಸುತ್ತೇವೆ.

ಅಮೇರಿಕದ ಆ ಬೇಟೆ ಹುಟ್ಟಿಕೊಂಡದ್ದು ಕಣ್ಣು ಹಾಯುವಷ್ಟು ದೂರ ಮನೆಯೊಂದು ಕಾಣದ ಬಯಲುಗಳಲ್ಲಿ. ಅಲ್ಲಿ ಗುರಿಯಾಗುವ ಪ್ರಾಣಿಗಳು ಬಹುಮಟ್ಟಿಗೆ ಚಿಕ್ಕವು: ಬಿಲ ತೋಡಿ ಬದುಕುವ ಅಳಿಲಿನ ಕುಲದ ಪ್ರೇರಿ ಡಾಗ್, ಗ್ರೌಂಡ್‌ಹಾಗ್ ಮೊದಲಾದವು. ಸುಮಾರು 5.6 ಮಿಲಿಮೀಟರ್ ದಪ್ಪದ ಪಾಯಿಂಟ್ 22 ಗುಂಡು ಅಂಥವಕ್ಕೆ ಸಾಕು. ಆದರೆ ನೂರು ಕಿಲೋ ತೂಗಬಲ್ಲ, ದಪ್ಪ ತೊಗಲಿನ ಕಾಡುಹಂದಿಗೆ ಅದು ತಕ್ಕ ಆಯುಧವಲ್ಲ. ಗಾಯಗೊಂಡ ಹಂದಿ ಪೊದೆಯಲ್ಲಿ ಅವಿತು, ಮರುದಿನ ಬೆಳಿಗ್ಗೆ ಸೊಪ್ಪು ಕೊಯ್ಯಲು ಹೋದ ಹೆಂಗಸಿನ ಮೇಲೆ ಎರಗೀತು. ಎರಡನೆಯದಾಗಿ, ಗುರಿ ತಪ್ಪಿದ ಆ ಸಣ್ಣ ಗುಂಡು ಒಂದು ಮೈಲಿಗೂ ಹೆಚ್ಚು ದೂರ ಹಾರಬಲ್ಲುದು. ನಮ್ಮ ತುಳುನಾಡಿನಲ್ಲಿ ಗದ್ದೆಗೆ ತಾಗಿ ತೋಟ, ತೋಟಕ್ಕೆ ತಾಗಿ ಮನೆ, ಮನೆಗೆ ತಾಗಿ ಶಾಲೆಯ ದಾರಿ. ಅಲ್ಲಿ ಒಂದು ಮೈಲಿಯೊಳಗೆ ಎಷ್ಟು ಮನೆಗಳಿವೆ ಎಂಬುದನ್ನು ಊರಿನ ನೆನಪಿರುವ ಪ್ರತಿಯೊಬ್ಬನೂ ಎಣಿಸಿಕೊಳ್ಳಬಹುದು.

ನಮ್ಮ ದೇಶದ ಶಾಸನವೂ ಈ ವ್ಯತ್ಯಾಸವನ್ನು ಗುರುತಿಸಿದೆ. 1959ರ ಆಯುಧ ಕಾಯಿದೆಯ 13ನೆಯ ಕಲಮಿನ ಪ್ರಕಾರ ಪಾಯಿಂಟ್ 22 ರೈಫಲಿಗೆ ಪರವಾನಿಗೆ ಹೇಳಿರುವುದು ಕೇಂದ್ರ ಸರಕಾರದ ಮನ್ನಣೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರ ಗುರಿ ಅಭ್ಯಾಸಕ್ಕಾಗಿ. ಬೆಳೆಯ ರಕ್ಷಣೆಗೆಂದು ಅದೇ ಕಲಮು ಹೇಳುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನು, ಎಂದರೆ ನಮ್ಮ ಅಜ್ಜಂದಿರು ಬಲ್ಲ ಕೇಪಿನ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಒಳಗೆ ತಿರುಪಿಲ್ಲದ ನಯನಳಿಗೆಯ ಬೇರೆ ಕೋವಿಗೂ ಪರವಾನಿಗೆ ನೀಡಬಹುದು. ಇಂಥ ಕೋವಿಯಿಂದ ಚದುರುವ ಸಣ್ಣ ಸೀಸದ ಗುಂಡುಗಳು ಬೇಗನೆ ಕಸುವು ಕಳೆದುಕೊಳ್ಳುತ್ತವೆ. ಹಳೆಯದೆಂದು ನಗುವ ಮುನ್ನ ಈ ಏರ್ಪಾಡಿನ ಹಿಂದಿರುವ ವಿವೇಕವನ್ನು ನಾವು ತಿಳಿಯಬೇಕು.

ಕೊಡಗಿನ ಮಾತು ಬೇರೆ. ಕೊಡವರಿಗೂ ಅಲ್ಲಿನ ಜಮ್ಮಾ ಹಿಡುವಳಿದಾರರಿಗೂ ಪರವಾನಿಗೆಯಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯಿದೆ. ಕೇಂದ್ರ ಸರಕಾರವು 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂ ಮುಡಿಸಿ ಪೂಜಿಸುವ ಜನ ಅವರು. ಆ ಸಂಪ್ರದಾಯಕ್ಕೆ ಅದರದೇ ಶಿಸ್ತಿದೆ. ಅದನ್ನು ತೋರಿಸಿ ನಮಗೂ ಹಾಗೆಯೇ ಕೊಡಿ ಎಂದು ಕೇಳುವುದು ಸುಲಭ. ಆ ಶಿಸ್ತನ್ನು ತಲೆಮಾರುಗಳ ಕಾಲ ಸಾಕಿಕೊಂಡು ಬರುವುದು ಸುಲಭವಲ್ಲ.

ಪರವಾನಿಗೆ ಪಡೆದ ಬೇಸಾಯಗಾರನಿಗೂ ಸಂಕಟಗಳಿಲ್ಲವೆಂದಲ್ಲ. ಚುನಾವಣೆ ಘೋಷಣೆಯಾದೊಡನೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕೆಂಬ ಆಜ್ಞೆ ಬರುತ್ತದೆ. ಯಾರ ಆಯುಧವನ್ನು ಇರಿಸಿಕೊಳ್ಳಬೇಕೆಂಬುದನ್ನು ಜಿಲ್ಲಾ ಪರಿಶೀಲನಾ ಸಮಿತಿ ವಿಚಾರಿಸಬೇಕು, ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಗಲಭೆಯಲ್ಲಿ ಸಿಲುಕಿದವರು ಮೊದಲಾದವರನ್ನು ಗಮನಿಸಬೇಕು ಎಂಬುದು ಚುನಾವಣಾ ಆಯೋಗದ ಸೂಚನೆ. ಅನೇಕ ಕಡೆ ನಡೆಯುವುದು ಮಾತ್ರ ಸಾರಾಸಗಟು ವಸೂಲಿ. ವಿಧಾನಸಭೆ, ಲೋಕಸಭೆ, ಪಂಚಾಯತಿ ಎಂದು ಒಂದರ ಹಿಂದೊಂದು ಚುನಾವಣೆ ಬಂದಾಗ, ಎಪ್ಪತ್ತು ವರ್ಷದ ಬೇಸಾಯಗಾರನೊಬ್ಬ ಹೆಗಲಿಗೆ ಕೋವಿ ಏರಿಸಿ ಬಸ್ಸು ಹಿಡಿದು ಠಾಣೆಗೆ ಅಲೆಯುವುದು ಪ್ರಜಾಪ್ರಭುತ್ವದ ಯಾವ ಸೇವೆಯೆಂದು ನಮಗೆ ತಿಳಿಯದು. ಅಪರಾಧದ ಸೋಂಕಿಲ್ಲದ ಬೇಸಾಯಗಾರನನ್ನು ಈ ಅಲೆದಾಟದಿಂದ ಬಿಡಿಸಬೇಕೆಂದು ಕರ್ನಾಟಕ ಸರಕಾರವನ್ನೂ ಜಿಲ್ಲಾಧಿಕಾರಿಗಳನ್ನೂ ಆಗ್ರಹಿಸುತ್ತೇವೆ.

ಕೋವಿಯಿದ್ದ ಮಾತ್ರಕ್ಕೆ ಕೊಲ್ಲುವ ಅಧಿಕಾರ ಬರುವುದಿಲ್ಲವೆಂಬುದನ್ನೂ ನಮ್ಮವರು ಅರಿಯಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಕಾಗೆ, ಬಾವಲಿ, ಇಲಿಗಳನ್ನೊಳಗೊಂಡ ‘ಉಪದ್ರವಕಾರಿ ಪ್ರಾಣಿ’ಗಳ ಪ್ರತ್ಯೇಕ ಪಟ್ಟಿಯೊಂದಿತ್ತು. 2022ರ ತಿದ್ದುಪಡಿಯಿಂದ ಆ ಪಟ್ಟಿ ರದ್ದಾಗಿ, 2023ರ ಏಪ್ರಿಲ್ 1ರಿಂದ ಹೊಸ ಏರ್ಪಾಡು ಜಾರಿಗೆ ಬಂತು. ಕಾಡುಹಂದಿ ಈಗ ಎರಡನೆಯ ಪಟ್ಟಿಯಲ್ಲಿದೆ. ಬೆಳೆಗೆ ಹಾನಿ ಮಾಡುವ ಹಂದಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರಿಂದ ಅಧಿಕಾರ ಪಡೆದವರ ಲಿಖಿತ ಅನುಮತಿ ಬೇಕು. ನವಿಲು, ಕಾಟಿ, ನಮ್ಮ ಊರ ಮಂಗ ಇವು ಮೊದಲನೆಯ ಪಟ್ಟಿಯಲ್ಲಿವೆ. ಬೆಳೆ ತಿಂದವೆಂಬ ಕಾರಣ ಮಾತ್ರಕ್ಕೆ ಅವುಗಳ ಮೇಲೆ ಈಡು ಹಾರಿಸುವಂತಿಲ್ಲ. ಅನುಮತಿ ಪಡೆದು ಕೊಂದ ಹಂದಿ ಕೂಡ ಸರಕಾರದ ಸ್ವತ್ತೇ ಹೊರತು ಕೊಂದವನ ಅಡಿಗೆಮನೆಯದಲ್ಲ. ಬೆಳೆ ರಕ್ಷಣೆಯ ಹೆಸರಿನಲ್ಲಿ ಮಾಂಸದ ಬೇಟೆಗೆ ಹೊರಟು, ಕತ್ತಲಲ್ಲಿ ಹಂದಿಯೆಂದು ಭ್ರಮಿಸಿ ಜತೆಗಾರನಿಗೇ ಗುಂಡಿಟ್ಟ ಸುದ್ದಿಗಳನ್ನು ನಾವು ಓದಿದ್ದೇವೆ. ಅಂಥ ಮನೆಗಳಲ್ಲಿ ಒಂದು ಸಂಸಾರ ಮಸಣಕ್ಕೆ, ಇನ್ನೊಂದು ನ್ಯಾಯಾಲಯಕ್ಕೆ ನಡೆಯಬೇಕಾಗುತ್ತದೆ.

ನೆರೆಯ ಕೇರಳ ಸರಕಾರವು 2022ರಲ್ಲಿ ಕಾಡುಹಂದಿಯನ್ನು ಕೊಲ್ಲಿಸುವ ಅಧಿಕಾರವನ್ನು ಪಂಚಾಯತಿ ಅಧ್ಯಕ್ಷರಿಗೆ ಒಪ್ಪಿಸಿತು. ಕಾಸರಗೋಡಿನ ನಮ್ಮ ಕನ್ನಡ ಬಂಧುಗಳಿಗೆ ಇದರಿಂದ ಅಧಿಕಾರಿಯ ಮೇಜು ಒಂದಿಷ್ಟು ಹತ್ತಿರವಾಯಿತು. ಕರ್ನಾಟಕವೂ ಇದನ್ನು ಪರಿಶೀಲಿಸಬೇಕು. ರಾತ್ರಿ ಗದ್ದೆಗೆ ನುಗ್ಗುವ ಹಂದಿ, ಬೆಂಗಳೂರಿನಿಂದ ಅಪ್ಪಣೆ ಬರುವವರೆಗೆ ಕಾಯುವುದಿಲ್ಲ.

ಕಾನೂನಿನ ದಾರಿ ದೂರವೆಂದು ಕೆಲವರು ಹಿಡಿಯುವ ಅಡ್ಡದಾರಿಯನ್ನು ಮಾತ್ರ ನಾವು ಎಷ್ಟು ಖಂಡಿಸಿದರೂ ಸಾಲದು. ಮನೆಯ ವಿದ್ಯುತ್ತನ್ನು ನೇರವಾಗಿ ಬೇಲಿಯ ತಂತಿಗೆ ಹರಿಸುವುದು, ಹಣ್ಣಿನೊಳಗೆ ಸಿಡಿಮದ್ದು ಅಡಗಿಸಿಡುವುದು, ಕಾಲುದಾರಿಗೆ ಉರುಳೊಡ್ಡುವುದು ಇವು ರಕ್ಷಣೆಯಲ್ಲ, ಹೊಂಚು ಹಾಕಿದ ಕೊಲೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಹಂದಿಗೆಂದು ಇಟ್ಟ ಸಿಡಿಮದ್ದನ್ನು ಕಚ್ಚಿದ ಗರ್ಭಿಣಿ ಆನೆಯೊಂದು ಹೊಳೆಯ ನೀರಿನಲ್ಲಿ ನಿಂತು ಪ್ರಾಣಬಿಟ್ಟಿತು. 2025ರ ಜೂನ್ ತಿಂಗಳಲ್ಲಿ ಮಲಪ್ಪುರಂ ಜಿಲ್ಲೆಯ ನಿಲಂಬೂರು ಕಡೆ ಹಂದಿಗೆಂದು ಎಳೆದಿದ್ದ ವಿದ್ಯುತ್ ತಂತಿ ಹದಿನೈದು ವರ್ಷದ ಹುಡುಗನೊಬ್ಬನ ಜೀವ ತೆಗೆಯಿತು. ತಂತಿಗೆ ಕಣ್ಣಿಲ್ಲ, ಅದು ಹಂದಿಯನ್ನೂ ಶಾಲೆಯ ಹುಡುಗನನ್ನೂ ಬೇರೆಬೇರೆಯಾಗಿ ಕಾಣುವುದಿಲ್ಲ. ಊರಿನಲ್ಲಿ ಯಾರಾದರೂ ಇಂಥ ತಂತಿ ಎಳೆಯುತ್ತಿರುವರೆಂದು ತಿಳಿದರೆ, ಇಲ್ಲಿಂದಲೇ ಫೋನು ಮಾಡಿ ತಡೆಯುವುದು ನಮ್ಮ ಪ್ರತಿಯೊಬ್ಬರ ಕರ್ತವ್ಯ.

ಇಷ್ಟೆಲ್ಲ ಹೇಳಿದ ಮೇಲೂ ಮೂಲ ಪ್ರಶ್ನೆ ಉಳಿದೇ ಇದೆ. ಕೇಳಿದವರಿಗೆಲ್ಲ ಕೋವಿ ದೊರೆಯಿತು, ಅನುಮತಿಯೂ ಸುಲಭವಾಯಿತು ಎಂದೇ ಭಾವಿಸೋಣ. ಹಂದಿಯ ಕಾಟ ತೀರುವುದೇ? ಹೆಣ್ಣು ಹಂದಿಯ ಗರ್ಭಕಾಲ ನಾಲ್ಕು ತಿಂಗಳಿಗೂ ಕಡಿಮೆ. ಒಂದು ಸೂಲಿಗೆ ನಾಲ್ಕಾರು ಮರಿಗಳು. ಅವೂ ವರುಷ ಕಳೆಯುವಷ್ಟರಲ್ಲಿ ಮರಿ ಹಾಕಲು ಸಿದ್ಧ. 2016ರಲ್ಲಿ ಬಿಹಾರದ ಮೊಕಾಮದಲ್ಲಿ ಹೈದರಾಬಾದಿನಿಂದ ಗುರಿಕಾರರನ್ನು ಕರೆಸಿ 200ಕ್ಕೂ ಹೆಚ್ಚು ನೀಲಗಾಯಿಗಳನ್ನು ಕೊಲ್ಲಿಸಿದರು. ಕೇಂದ್ರದ ಇಬ್ಬರು ಮಂತ್ರಿಗಳು ಆ ವಿಷಯದಲ್ಲಿ ಬಹಿರಂಗವಾಗಿ ಜಗಳವಾಡಿದರು. ಪ್ರಾಣಿಗಳು ಸತ್ತವು, ಮಂತ್ರಿಗಳು ಮಾತಾಡಿದರು, ಬಿಹಾರದ ರೈತನ ನೀಲಗಾಯಿ ಸಮಸ್ಯೆ ಮಾತ್ರ ಅದರೊಡನೆ ಮುಗಿಯಲಿಲ್ಲ.

ಇದನ್ನು ತಿಳಿಯಲು ಮುಂಬಯಿಯ ನಾವು ಬಿಹಾರಕ್ಕೂ ಹೋಗಬೇಕಾಗಿಲ್ಲ. ಈ ನಗರದ ಮಹಾಪಾಲಿಕೆಯಲ್ಲಿ ರಾತ್ರಿ ಇಲಿ ಕೊಲ್ಲುವುದಕ್ಕೆಂದೇ ನೌಕರರಿದ್ದಾರೆ. ಕೈಯಲ್ಲಿ ದೊಣ್ಣೆ, ಟಾರ್ಚು; ರಾತ್ರಿಯೊಂದಕ್ಕೆ ಮೂವತ್ತು ಇಲಿಗಳ ಲೆಕ್ಕ ಒಪ್ಪಿಸಬೇಕೆಂಬುದು ಅವರ ಕೆಲಸದ ಕರಾರು. ಹೀಗೆ ವರ್ಷಗಟ್ಟಲೆ ಕೊಂದರೂ ಇಲಿಯ ಸಂತತಿ ಮುಗಿದಿಲ್ಲ. ಏಕೆಂದರೆ ಮೋರಿ ಮೋರಿಯಲ್ಲಿ ಅದಕ್ಕೆ ಊಟ ಕಾದಿದೆ. ಹೋಟೆಲ್ ನಡೆಸಿದವರೆಲ್ಲರೂ ಬಲ್ಲ ಸಂಗತಿಯೊಂದಿದೆ. ಉಗ್ರಾಣಕ್ಕೆ ಹೆಗ್ಗಣ ನುಗ್ಗಿದರೆ ಬೋನು ಇಡಬೇಕು, ನಿಜ. ಆದರೆ ಬಿಲ ಮುಚ್ಚದೆ, ಅಕ್ಕಿಯ ಚೀಲವನ್ನು ನೆಲದಿಂದ ಎತ್ತರಿಸದೆ, ಮುಸುರೆಯ ಡಬ್ಬಕ್ಕೆ ಮುಚ್ಚಳ ಹಾಕದೆ ಬೋನನ್ನೊಂದೇ ನೆಚ್ಚಿದವನ ಉಗ್ರಾಣದಲ್ಲಿ ಒಂದು ಸತ್ತ ಕಡೆ ಎರಡು ಬಂದು ಸೇರುತ್ತವೆ. 1896ರಲ್ಲಿ ಪ್ಲೇಗು ಈ ನಗರವನ್ನು ನಡುಗಿಸಿದ ಮೇಲೆ 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಸ್ಥಾಪನೆಯಾಯಿತು. ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ವಸತಿಯೇ ಬದಲಾಗಬೇಕು ಎಂಬ ತಿಳಿವಳಿಕೆ ಅದರ ಹಿಂದಿತ್ತು. ಆ ಟ್ರಸ್ಟಿನ ಯೋಜನೆಗಳಲ್ಲಿ ಸಯನ್ ಮತ್ತು ಮಾಟುಂಗದ್ದೂ ಒಂದು. ನಾವು ದಿನವೂ ನಡೆದಾಡುವ ಇಲ್ಲಿನ ಅಗಲವಾದ ಬೀದಿಗಳು ಆ ಪಾಠದ ಫಲ.

ಅದೇ ಪಾಠವನ್ನು ಊರಿನ ಗದ್ದೆಗೆ ಅನ್ವಯಿಸಿ ನೋಡೋಣ. ಹಂದಿ ಹಗಲು ಎಲ್ಲಿ ಮಲಗುತ್ತದೆ? ದೂರದ ಕಾಡಿನಲ್ಲಿ ಮಾತ್ರವೇ ಅಲ್ಲ. ಬೈಲಿನ ನಡುವೆಯೇ, ಹತ್ತಾರು ವರ್ಷ ಉಳದೆ ಬಿಟ್ಟ ಹಡಿಲು ಗದ್ದೆಯ ಪೊದೆಗಳಲ್ಲಿ. ಆ ಹಡಿಲು ಗದ್ದೆ ಯಾರದು? ಕಹಿಯಾದರೂ ಉತ್ತರವನ್ನು ಹೇಳಲೇಬೇಕು. ಅದು ಸಯನ್‌ನಲ್ಲಿ ಗಲ್ಲಾದ ಮುಂದೆ ಕುಳಿತವನದು, ಕೋಟೆಯ ಕಚೇರಿಯಲ್ಲಿ ಗುಮಾಸ್ತೆಯಾಗಿರುವವನದು, ಥಾಣೆಯಲ್ಲಿ ಫ್ಲಾಟು ಕೊಂಡವನದು, ಕೊಲ್ಲಿ ದೇಶಕ್ಕೆ ಹೋದವನದು. ಅಜ್ಜನ ಹೆಸರಿನಲ್ಲೇ ಉಳಿದ ಪಹಣಿ, ಪಾಲಾಗದ ಕುಟುಂಬದ ಆಸ್ತಿ, ಐದು ಮಂದಿ ಒಡಹುಟ್ಟಿದವರು, ಐದು ಊರು. ಉಳುವವರಿಲ್ಲ, ಮಾರುವ ಮನಸ್ಸಿಲ್ಲ, ಬೇರೆಯವರ ಕೈಗೆ ಕೊಡಲು ಧೈರ್ಯವಿಲ್ಲ. 1974ರ ಭೂಸುಧಾರಣೆಯಿಂದ ಗೇಣಿಯ ಪದ್ಧತಿ ರದ್ದಾಗಿ ಉಳುವವನೇ ಒಡೆಯನಾದ ನೆನಪು ಇನ್ನೂ ಹಲವು ಮನೆಗಳಲ್ಲಿ ಭೀತಿಯಾಗಿ ಉಳಿದಿದೆ. ಹೀಗಾಗಿ ನಮ್ಮ ಗದ್ದೆ ನಮಗೂ ಇಲ್ಲದೆ ಪರರಿಗೂ ಇಲ್ಲದೆ ಹಂದಿಯ ಪಾಲಾಗಿದೆ. ಅಲ್ಲಿ ಹಗಲು ತಂಗಿದ ಹಿಂಡು ರಾತ್ರಿ ನುಗ್ಗುವುದು ಪಕ್ಕದಲ್ಲಿ ಇನ್ನೂ ಉಳುತ್ತಿರುವ ಬಡವನ ಗದ್ದೆಗೆ. ನಾವು ಬಿಟ್ಟ ಗದ್ದೆಯ ದಂಡವನ್ನು ಬಿಡದೆ ದುಡಿಯುವವನು ತೆರುತ್ತಿದ್ದಾನೆ.

ಹಿಂದೆ ಬೆಳೆಯನ್ನು ಕಾಯುತ್ತಿದ್ದುದು ಕೋವಿಯೊಂದೇ ಅಲ್ಲ. ಗದ್ದೆಯಂಚಿನ ಸೋಗೆಯ ಗುಡಿಸಲಿನಲ್ಲಿ ಸರದಿಯಂತೆ ಮಲಗುತ್ತಿದ್ದ ಗಂಡಸರು, ದೊಂದಿ, ಡಬ್ಬದ ಸದ್ದು, ಈ ಗದ್ದೆಯಿಂದ ಆ ಗದ್ದೆಗೆ ಕೂಗು, ಬೊಗಳುವ ನಾಯಿ ಇವೆಲ್ಲ ಕೂಡಿ ಕಾವಲಾಗುತ್ತಿತ್ತು. ಕೋವಿ ಅದರ ಕೊನೆಯ ಮಾತಾಗಿತ್ತು. ಇಂದು ಆ ಗಂಡಸರು ಇಲ್ಲಿದ್ದಾರೆ. ಅಲ್ಲಿ ಉಳಿದಿರುವುದು ಕಣ್ಣು ಮಂಜಾದ ತಂದೆ, ಮಂಡಿ ನೋವಿನ ತಾಯಿ. ಗುರಿ ಹಿಡಿಯಲಾರದ ಕೈಗೆ ಅಮೇರಿಕದ ರೈಫಲನ್ನು ಕೊಟ್ಟೇನು ಪ್ರಯೋಜನ?

ಹಾಗಾದರೆ ಇಲ್ಲಿರುವ ನಾವು ಏನು ಮಾಡಬಲ್ಲೆವು? ಕೆಲಸ ಬಿಟ್ಟು ಊರಿಗೆ ಹೋಗಿ ಉಳಿರೆಂದು ಉಪದೇಶಿಸುವಷ್ಟು ವ್ಯವಹಾರಶೂನ್ಯರು ನಾವಲ್ಲ. ಇಲ್ಲಿಂದ ಹೋಗುವ ಮನಿಯಾರ್ಡರಿನಿಂದಲೇ, ಈಗ ಬ್ಯಾಂಕಿನ ಮೂಲಕ ಹೋಗುವ ಹಣದಿಂದಲೇ, ಅಲ್ಲಿನ ಒಲೆ ಉರಿಯುತ್ತಿದೆ ಎಂಬುದು ನಮಗೆ ಗೊತ್ತು. ಆದರೆ ಕೆಲವು ಕೆಲಸಗಳಿಗೆ ಸಂಬಳ ಬಿಡಬೇಕಾಗಿಲ್ಲ, ಮನಸ್ಸು ಮಾಡಿದರೆ ಸಾಕು.

ಮೊದಲನೆಯದು, ಹಡಿಲು ಗದ್ದೆಯನ್ನು ಉಳುವವರ ಕೈಗೆ ತಲಪಿಸುವುದು. 2021ರಲ್ಲಿ ಉಡುಪಿಯಲ್ಲಿ ಕೇದಾರೋತ್ಥಾನ ಟ್ರಸ್ಟಿನವರು ಒಡೆಯರ ಒಪ್ಪಿಗೆ ಪಡೆದು, ಊರವರನ್ನೂ ಸಂಘಸಂಸ್ಥೆಗಳನ್ನೂ ಕೂಡಿಸಿ, ವರ್ಷಗಳಿಂದ ಪಾಳುಬಿದ್ದಿದ್ದ ಸಾವಿರಕ್ಕೂ ಮಿಕ್ಕಿದ ಎಕರೆಗಳಲ್ಲಿ ಮತ್ತೆ ಭತ್ತ ಬೆಳೆದು ತೋರಿಸಿದರು. ಆ ಮಾದರಿ ನಮ್ಮ ಕಣ್ಣ ಮುಂದಿದೆ. ಮುಂಬಯಿಯಲ್ಲಿ ನಮ್ಮ ಒಂದೊಂದು ಊರಿಗೂ ಒಂದೊಂದು ಸಂಘವಿದೆ; ವಾರ್ಷಿಕೋತ್ಸವ, ಯಕ್ಷಗಾನ, ಸನ್ಮಾನಗಳಿಗೆ ಹಣವೂ ಉತ್ಸಾಹವೂ ಇದೆ. ತಮ್ಮ ಗ್ರಾಮದಲ್ಲಿ ಸದಸ್ಯರ ಹಡಿಲು ಗದ್ದೆ ಎಷ್ಟಿದೆ ಎಂಬ ಪಟ್ಟಿಯೊಂದನ್ನು ಇಂಥ ಪ್ರತಿಯೊಂದು ಸಂಘವೂ ಈ ವರ್ಷ ತಯಾರಿಸಲಿ. ಪಟ್ಟಿಯಾದ ಮೇಲೆ ಊರಿನ ಸಹಕಾರಿ ಸಂಘ, ಸ್ವಸಹಾಯ ಗುಂಪುಗಳೊಡನೆ ಮಾತಾಡಲಿ. ಉಳಲಾಗದ ಕಡೆ ಕನಿಷ್ಠ ಪಕ್ಷ ಪೊದೆಯನ್ನಾದರೂ ಸವರಿಸಲಿ.

ಎರಡನೆಯದು ನಮ್ಮ ಗುಮಾಸ್ತೆ ಬಂಧುಗಳಿಗೆ ಸೇರಿದ್ದು. ಬೆಳೆನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಆದರೆ ಅರ್ಜಿ ಬರೆಯುವುದು, ನಷ್ಟದ ಛಾಯಾಚಿತ್ರ, ಪಹಣಿ, ಬ್ಯಾಂಕಿನ ಪುಸ್ತಕ ಇವನ್ನು ಜೋಡಿಸುವುದು ಅನೇಕ ವೃದ್ಧರಿಗೆ ಹಂದಿಯ ಕಾಟಕ್ಕಿಂತ ದೊಡ್ಡ ಕಾಟವಾಗಿದೆ. ದಿನವಿಡೀ ಇತರರ ಕಡತಗಳನ್ನು ತಿದ್ದುವ ಕೈಗಳು ಒಂದು ಭಾನುವಾರ ತಂದೆಯ ಅರ್ಜಿಯನ್ನೂ ಬರೆಯಲಿ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ, ಮುಂದಿನ ರಜೆಯಲ್ಲಿ ಕೋಲಕ್ಕೂ ಮದುವೆಗೂ ಹೋಗಿ ಬರುವುದರ ಜತೆಗೆ ತಾಲೂಕು ಕಚೇರಿಯ ಮೆಟ್ಟಲನ್ನೂ ಹತ್ತಿ ಬರಲಿ.

ಮೂರನೆಯದು ಮನೆಯ ಮೂಲೆಯಲ್ಲಿರುವ ಕೋವಿಯ ವಿಚಾರ. ತಂದೆ ತೀರಿಕೊಂಡ ಮೇಲೆ ಅವರ ಹೆಸರಿನ ಕೋವಿಯನ್ನು ಅಟ್ಟದ ಮೇಲಿಟ್ಟು ಮುಂಬಯಿಗೆ ಮರಳುವವರಿದ್ದಾರೆ. ಪರವಾನಿಗೆಯು ವ್ಯಕ್ತಿಗೆ ಕೊಟ್ಟದ್ದು, ಮನೆಗೆ ಕೊಟ್ಟದ್ದಲ್ಲ. ವಾರಸುದಾರರು ವಿಳಂಬವಿಲ್ಲದೆ ಅದನ್ನು ಠಾಣೆಗಾಗಲಿ ಪರವಾನಿಗೆಯುಳ್ಳ ವ್ಯಾಪಾರಿಗಾಗಲಿ ಒಪ್ಪಿಸಿ, ಬೇಕಿದ್ದರೆ ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಪರವಾನಿಗೆಯಿಲ್ಲದ ಕೋವಿ ಇರಿಸಿಕೊಳ್ಳುವುದು ಜೈಲುಶಿಕ್ಷೆಯ ಅಪರಾಧ. ಬೆಳೆ ಕಾಯಲು ಪಡೆದ ಕೋವಿ ಮಗನನ್ನು ಆರೋಪಿಯ ಕಟಕಟೆಯಲ್ಲಿ ನಿಲ್ಲಿಸದಿರಲಿ. ಊರಿನಲ್ಲಿ ನಿಜವಾಗಿ ಬೇಸಾಯ ಮಾಡುವ ತಮ್ಮನಿದ್ದರೆ ಅವನ ಹೆಸರಿಗೆ ಪರವಾನಿಗೆ ಕೇಳುವುದೇ ಲೇಸು. ಮುಂಬಯಿಯಲ್ಲಿರುವ ಅಣ್ಣನಿಗೆ ಕೋವಿ ಗೋಡೆಯ ಅಲಂಕಾರ ಮಾತ್ರ.

ಸರಕಾರವೂ ತನ್ನ ಪಾಲನ್ನು ಮಾಡಲಿ. ಬೇಸಾಯಗಾರನ ಪರವಾನಿಗೆಯನ್ನು ಸಕಾಲದಲ್ಲಿ ನವೀಕರಿಸಲಿ, ಚುನಾವಣೆಯ ಹೆಸರಿನ ಅಲೆದಾಟ ತಪ್ಪಿಸಲಿ, ಹಂದಿಯ ವಿಷಯದ ಅಪ್ಪಣೆಯನ್ನು ಗ್ರಾಮದ ಹತ್ತಿರಕ್ಕೆ ತರಲಿ, ಪರಿಹಾರವನ್ನು ಬೆಳೆಯ ನೆನಪು ಮಾಸುವ ಮೊದಲೇ ಕೈಗಿಡಲಿ, ಸುರಕ್ಷಿತವಾದ ಸೌರ ಬೇಲಿಗೆ ಸಹಾಯಧನ ಕೊಡಲಿ. ಇವನ್ನು ಕೇಳುವ ಹಕ್ಕು ನಮಗಿದೆ. ಆದರೆ ಸ್ವಂತ ಗದ್ದೆಯನ್ನು ಹಂದಿಗೆ ಬಿಡಾರ ಮಾಡಿಕೊಟ್ಟವನು ಆ ಹಕ್ಕನ್ನು ಯಾವ ಮುಖದಿಂದ ಚಲಾಯಿಸಿಯಾನು ಎಂಬುದನ್ನು ಮಾತ್ರ ಯೋಚಿಸಬೇಕಾಗಿದೆ.

ಹಂದಿಗೆ ನಮ್ಮ ಮೇಲೆ ಹಗೆಯಿಲ್ಲ. ಹಸಿದ ಪ್ರಾಣಿ ಮನುಷ್ಯನ ಸುಳಿವಿಲ್ಲದ ಕಡೆ ನುಗ್ಗುತ್ತದೆ. ಕೋವಿ ಅದನ್ನು ಒಂದು ರಾತ್ರಿ ಓಡಿಸೀತು. ಉತ್ತ ನೆಲ, ಸವರಿದ ಬದು, ಓಡಾಡುವ ಕಾಲು, ಉರಿಯುವ ದೀಪ ಇವೇ ಅದನ್ನು ದೂರ ಇಡಬಲ್ಲ ಕಾವಲು. ಮುಂದಿನ ಏಣೆಲಿಗೆ ಮೊದಲು ಸಯನ್‌ನ ನಮ್ಮ ಬಂಧುಗಳಲ್ಲಿ ಹತ್ತು ಮಂದಿಯಾದರೂ ತಮ್ಮ ಹಡಿಲು ಗದ್ದೆಯನ್ನು ಉಳುವವರ ವಶಕ್ಕೆ ಕೊಟ್ಟರೆ, ಊರಿನಲ್ಲಿ ಹತ್ತು ಬಡ ಬೇಸಾಯಗಾರರು ರಾತ್ರಿ ನಿದ್ರೆ ಮಾಡಿಯಾರು. ಅಷ್ಟಾದರೆ ಈ ಲೇಖನದ ಉದ್ದೇಶ ಸಾರ್ಥಕವಾಯಿತೆಂದು ತಿಳಿಯುತ್ತೇವೆ.